ಸಿಂಗಪುರದ ಹೊಳೆಯೂ ನಮ್ಮ ವೃಷಭಾವತಿಯೂ

ನನ್ನ ವಿದ್ಯಾರ್ಥಿಗಳಲ್ಲಿ ಹಲವರಿಗೆ ನೆನಪಿರಬಹುದು. ಎಂಟನೆಯ ತರಗತಿಯಲ್ಲಿ ಪ್ರತಿ ವರ್ಷವೂ ತಪ್ಪದೆ ನಾನು ಮಾಡಿಸುತ್ತಿದ್ದ ಒಂದು ಕೆಲಸವಿತ್ತು. ಕರ್ನಾಟಕದ ಖಾಲಿ ಭೂಪಟವನ್ನು ಕೈಗೆ ಕೊಟ್ಟು, ನೀಲಿ ಪೆನ್ಸಿಲಿನಲ್ಲಿ ನದಿಗಳನ್ನು ಎಳೆದು ಹೆಸರು ಬರೆಯಿರಿ ಎನ್ನುತ್ತಿದ್ದೆ. ಹೇಮಾವತಿಯನ್ನು ಕೃಷ್ಣೆಗೂ ಭೀಮೆಯನ್ನು ಕಾವೇರಿಗೂ ಸೇರಿಸಿದ ಮಹನೀಯರು ಬೆಂಚಿನ ಮೇಲೆ ನಿಂತದ್ದೂ ಉಂಟು. ಅವರಲ್ಲಿ ಒಬ್ಬರು ಈಗ ನೀರಾವರಿ ಎಂಜಿನಿಯರು. ಹೆಸರು ಹೇಳುವುದಿಲ್ಲ, ಅವರಿಗೆ ಮೊಮ್ಮಕ್ಕಳಿದ್ದಾರೆ.

ಆ ಭೂಪಟದ ನೆನಪು ನನಗೆ ಮತ್ತೆ ಬಂದದ್ದು ಸಿಂಗಪುರದಲ್ಲಿ, ಒಂದು ಹೊಳೆಯ ದಂಡೆಯ ಮೇಲೆ ಕುಳಿತಿದ್ದಾಗ. ಮಗಳೂ ಅಳಿಯಂದಿರೂ ಅಲ್ಲಿ ನೆಲೆಸಿ ಕೆಲವು ವರ್ಷಗಳಾದವು. ಮೊಮ್ಮಗಳ ಶಾಲೆಗೆ ರಜೆ ಇದೆ, ಹತ್ತು ದಿನದ ಮಟ್ಟಿಗಾದರೂ ಬಂದು ಹೋಗಿ ಎಂದು ಅವರು ಒತ್ತಾಯಿಸಿದ್ದರಿಂದ ನಾನೂ ನಮ್ಮ ಯಜಮಾನರೂ ಹೋಗಿಬಂದೆವು. ಊರು ನೋಡಿದ ಕಥೆಯನ್ನೆಲ್ಲ ಬರೆಯುವ ಉದ್ದೇಶ ನನಗಿಲ್ಲ. ಅಂಥ ಪ್ರವಾಸಕಥನಗಳು ಸಾಕಷ್ಟು ಬಂದಿವೆ, ವಿಮಾನದಲ್ಲಿ ಕೊಟ್ಟ ಉಪ್ಪಿಟ್ಟಿನ ವರ್ಣನೆಯ ಸಹಿತ. ನಾನು ಹೇಳಹೊರಟಿರುವುದು ಒಂದು ಸಂಜೆಯ ಮಾತು, ಮತ್ತು ಆ ಸಂಜೆ ನನ್ನೊಳಗೆ ಎಬ್ಬಿಸಿದ ಒಂದು ತಕರಾರು.

ಕ್ಲಾರ್ಕ್ ಕೀ ಎಂಬ ನಿಲ್ದಾಣದಲ್ಲಿ ರೈಲಿನಿಂದ ಇಳಿದು ಮೆಟ್ಟಿಲು ಹತ್ತಿದರೆ ಎದುರಿಗೇ ಸಿಂಗಪುರದ ಹೊಳೆ. ನದಿ ಎನ್ನಲು ಸಂಕೋಚವಾಗುವಷ್ಟು ಚಿಕ್ಕದು. ಉದ್ದ ಸುಮಾರು 3 ಕಿಲೋಮೀಟರು. ನಮ್ಮ ಕಾವೇರಿಯ ಮುಂದಿಟ್ಟರೆ ಹೊಲದ ಕಾಲುವೆ. ಆದರೆ ಇಡೀ ನಗರ ಹುಟ್ಟಿದ್ದೇ ಅದರ ಮುಖದಲ್ಲಿ. 1819ರಲ್ಲಿ ರಾಫಲ್ಸ್ ಬಂದಿಳಿದದ್ದು ಅಲ್ಲಿಯೇ. ಮುಂದೆ ಒಂದೂವರೆ ಶತಮಾನ ಕಾಲ ಅಕ್ಕಿ, ರಬ್ಬರು, ಮೆಣಸುಗಳೆಲ್ಲ ಹಡಗಿನಿಂದ ದೋಣಿಗೆ, ದೋಣಿಯಿಂದ ಕೂಲಿಗಳ ಬೆನ್ನಿಗೆ, ಬೆನ್ನಿನಿಂದ ದಂಡೆಯ ಗೋದಾಮಿಗೆ ಏರಿದ್ದೂ ಅಲ್ಲಿಯೇ. ಆ ಗೋದಾಮುಗಳು ಈಗಲೂ ಇವೆ. ಹೆಂಚಿನ ಮಾಡು, ಮರದ ಕಿಟಕಿ, ಗಿಳಿಹಸಿರು, ಗುಲಾಬಿ, ಹಳದಿ ಬಣ್ಣ. ಒಳಗೆ ಮಾತ್ರ ಮೂಟೆಗಳಿಲ್ಲ. ಉಪಾಹಾರ ಮಂದಿರಗಳು, ಪಾನಗೃಹಗಳು, ಸಂಗೀತ. ನಮ್ಮ ಯಜಮಾನರು ಒಂದು ಲೋಟ ನಿಂಬೆಹಣ್ಣಿನ ಪಾನಕಕ್ಕೆ 9 ಡಾಲರ್ ಎಂದು ಫಲಕದಲ್ಲಿ ಓದಿ, ಮನಸ್ಸಿನಲ್ಲೇ ಗುಣಿಸಿ, ‘ನೀರು ತಂದಿದ್ದೇವಲ್ಲ’ ಎಂದು ಚೀಲದಿಂದ ಬಾಟಲಿ ತೆಗೆದರು.

ನೀರಿನ ಮೇಲೆ ಹಳೆಯ ಮಾದರಿಯ ದೋಣಿಗಳು ಪ್ರವಾಸಿಗರನ್ನು ಹೊತ್ತು ಓಡಾಡುತ್ತಿದ್ದವು. ಅವುಗಳ ಮೂತಿಗೆ ಎರಡು ದೊಡ್ಡ ಕಣ್ಣುಗಳನ್ನು ಬರೆದಿರುತ್ತಾರೆ. ದೋಣಿಗೆ ದಾರಿ ಕಾಣಬೇಕಲ್ಲ, ಅದಕ್ಕಂತೆ. ಮೊಮ್ಮಗಳು ನನ್ನನ್ನು ಒಂದು ಪ್ರತಿಮೆಯ ಬಳಿಗೆ ಎಳೆದುಕೊಂಡು ಹೋದಳು. ಐವರು ಹುಡುಗರು ಬಟ್ಟೆ ಕಳಚಿ ಹೊಳೆಗೆ ಹಾರುತ್ತಿರುವ ಕಂಚಿನ ಪ್ರತಿಮೆ. ಒಬ್ಬ ಗಾಳಿಯಲ್ಲಿದ್ದಾನೆ, ಒಬ್ಬ ಇನ್ನೂ ದಂಡೆಯಲ್ಲಿ ಕುಳಿತಿದ್ದಾನೆ. ಹಿಂದೆ ಇಲ್ಲಿಯ ಮಕ್ಕಳು ಹೀಗೆಯೇ ಈಜುತ್ತಿದ್ದರಂತೆ. ‘ಈಗ ಹಾರಬಹುದೇ?’ ಎಂದು ಕೇಳಿದೆ. ‘ಇಲ್ಲ ಅಜ್ಜಿ, ಬಿಡುವುದಿಲ್ಲ’ ಎಂದಳು. ಸ್ವಲ್ಪ ದೂರದಲ್ಲಿ ಇನ್ನೊಂದು ಪ್ರತಿಮೆ. ಅದರಲ್ಲಿ ಲೇವಾದೇವಿ ನಡೆಸುವ ಚೆಟ್ಟಿಯಾರರು. ಮತ್ತೊಂದೆಡೆ ಮೂಟೆ ಹೊರುವ ಕೂಲಿಗಳು. ಹೊಳೆಯಿಂದ ಬದುಕಿದವರೆಲ್ಲ ಅಲ್ಲಿ ಕಂಚಿನಲ್ಲಿ ಇದ್ದಾರೆ. ಜೀವಂತವಾಗಿ ಒಬ್ಬರೂ ಕಾಣಲಿಲ್ಲ.

ನಾನು ಇದನ್ನು ಹಾಸ್ಯಕ್ಕಾಗಿ ಹೇಳುತ್ತಿಲ್ಲ. ಮರುದಿನ ರೈಲಿನಲ್ಲಿ ‘ಧೋಬಿ ಘಾಟ್’ ಎಂಬ ನಿಲ್ದಾಣ ಬಂದಾಗಲೂ ಇದೇ ಯೋಚನೆ ಬಂತು. ನಮ್ಮ ದೇಶದಿಂದ ಹೋದ ಮಡಿವಾಳರು ಅಲ್ಲಿಯ ಹಳ್ಳದಲ್ಲಿ ಬಟ್ಟೆ ಒಗೆಯುತ್ತಿದ್ದರು, ಅದರಿಂದ ಆ ಹೆಸರು. ಇಂದು ಹಳ್ಳ ಕಾಲುವೆಯಾಗಿ ನೆಲದಡಿ ಸೇರಿದೆ, ಮಡಿವಾಳರು ಇಲ್ಲ, ಹೆಸರನ್ನು ಮಾತ್ರ ಧ್ವನಿವರ್ಧಕದಲ್ಲಿ ಒಂದು ಹೆಣ್ಣುದನಿ ದಿನಕ್ಕೆ ನೂರಾರು ಸಲ ಉಚ್ಚರಿಸುತ್ತದೆ. ನಗಲು ನಮಗೇನೂ ಅಧಿಕಾರವಿಲ್ಲ. ನಾನಿರುವ ಬಡಾವಣೆಯ ಹೆಸರು ಶ್ರೀಗಂಧದ ಕಾವಲ್. ಕಾವಲೆಂದರೆ ದನ ಮೇಯಲು ಕಾದಿರಿಸಿದ ಹುಲ್ಲುಗಾವಲು. ನಮ್ಮ ರಸ್ತೆಯಲ್ಲಿ ಹುಡುಕಿದರೆ ಗಂಧದ ಮರವೂ ಸಿಗದು, ಹುಲ್ಲಿನ ಎಸಳೂ ಸಿಗದು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ನಾವೆಲ್ಲ ಬಸ್ಸಿಗೆ ಕಾಯುತ್ತೇವೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣವಿದೆ.

ಅಂದು ರಾತ್ರಿ ಊಟದ ಹೊತ್ತಿನಲ್ಲಿ ಅಳಿಯಂದಿರು ಆ ಹೊಳೆಯ ಇತಿಹಾಸವನ್ನು ತೆಗೆದರು. ನಾನೂ ಹಿಂದೆ ಅಷ್ಟಿಷ್ಟು ಓದಿದ್ದೆ. 1970ರ ದಶಕದಲ್ಲಿ ಆ ನೀರು ಕಪ್ಪಾಗಿ ನಾರುತ್ತಿತ್ತು. ಅದರ ಜೊತೆ ಸೇರಿಕೊಂಡಂತಿರುವ ಕಲ್ಲಾಂಗ್ ಪ್ರದೇಶದಲ್ಲಿ ಸುಮಾರು 600 ಹಂದಿ ಸಾಕಣೆಗಳು, 500 ಬಾತುಕೋಳಿ ಸಾಕಣೆಗಳು. ದಂಡೆಯ ಉದ್ದಕ್ಕೂ ಗುಡಿಸಲುಗಳು, ಬೀದಿಬದಿಯ ತಿಂಡಿ ಅಂಗಡಿಗಳು, ದೋಣಿ ಕಟ್ಟುವ ಕಾರ್ಖಾನೆಗಳು. ಎಲ್ಲರ ಕಸವೂ ಕಕ್ಕಸೂ ಹೊಳೆಗೇ. 1977ರ ಫೆಬ್ರವರಿಯಲ್ಲಿ ಪ್ರಧಾನಿ ಲೀ ಕ್ವಾನ್ ಯೂ ಒಂದು ಜಲಾಶಯದ ಉದ್ಘಾಟನೆಯಲ್ಲಿ ಮಾತನಾಡುತ್ತ, ಹತ್ತು ವರ್ಷಗಳಲ್ಲಿ ಈ ನದಿಗಳಲ್ಲಿ ಮೀನು ಹಿಡಿಯುವಂತಾಗಬೇಕು ಎಂದು ಅಧಿಕಾರಿಗಳಿಗೆ ಸವಾಲು ಹಾಕಿದರು. 1987ರಲ್ಲಿ ಕೆಲಸ ಮುಗಿಯಿತು. ಮುಂದಾಳುಗಳಾಗಿ ದುಡಿದ ಹತ್ತು ಅಧಿಕಾರಿಗಳಿಗೆ ಚಿನ್ನದ ಪದಕ ಕೊಟ್ಟರು. ಕ್ಲಾರ್ಕ್ ಕೀಯ ಬಣ್ಣದ ಗೋದಾಮುಗಳು ತೆರೆದದ್ದು ಅದಾದ ಮೇಲೆ, 1993ರಲ್ಲಿ.

ಈ ಇಸವಿಗಳ ಅನುಕ್ರಮವನ್ನು ದಯವಿಟ್ಟು ಗಮನಿಸಿ. ಇಸವಿಗಳನ್ನು ಬಾಯಿಪಾಠ ಮಾಡಿಸಿದವಳೆಂದು ನನ್ನನ್ನು ಬಯ್ಯುವವರು ಈಗಲೂ ಇದ್ದಾರೆ, ಇರಲಿ. ಮೊದಲು ಮನೆಗಳಿಗೆ ಒಳಚರಂಡಿ. ಆಮೇಲೆ ಹಂದಿಗಳ ಸ್ಥಳಾಂತರ, ಜನರ ಪುನರ್ವಸತಿ, ತಿಂಡಿ ಅಂಗಡಿಗಳಿಗೆ ನಲ್ಲಿ ಮತ್ತು ಚರಂಡಿ ಇರುವ ಕಟ್ಟಡ. ಆಮೇಲೆ ತಳದ ಹೂಳು. ಕಡೆಗೆ ಕಲ್ಲುಹಾಸು, ದೀಪ, ಪಾನಕ. ಕಡೆಗೆ ಎನ್ನುವುದನ್ನು ಕಡೆಗೇ ಮಾಡಿದರು. ಅಷ್ಟಕ್ಕೂ ಅವರು ನಿಲ್ಲಿಸಲಿಲ್ಲ. 2008ರಲ್ಲಿ ನದೀಮುಖಕ್ಕೆ ಮರೀನಾ ಅಡ್ಡಗಟ್ಟೆ ಕಟ್ಟಿ, ಉಪ್ಪುನೀರನ್ನು ಹೊರಗಿಟ್ಟು, ನಗರದ ನಟ್ಟನಡುವೆ ಕುಡಿಯುವ ನೀರಿನ ಜಲಾಶಯ ಮಾಡಿಕೊಂಡರು. ಆ ದೇಶದ ಆರನೆಯ ಒಂದು ಪಾಲು ನೆಲದ ಮೇಲೆ ಬಿದ್ದ ಮಳೆ ಅಲ್ಲಿಗೆ ಬಂದು ಸೇರುತ್ತದೆ. ರಸ್ತೆಯಲ್ಲಿ ಹರಿದ ನೀರನ್ನು ಶುದ್ಧೀಕರಿಸಿ ಕುಡಿಯಬಲ್ಲ ಊರೆಂದರೆ, ಅದರ ಚರಂಡಿ ಮತ್ತು ಮಳೆನೀರಿನ ಕಾಲುವೆ ಎರಡೂ ಎಲ್ಲಿಯೂ ಸಂಧಿಸುವುದಿಲ್ಲ ಎಂದು ಅರ್ಥ. ನನ್ನ ದೃಷ್ಟಿಯಲ್ಲಿ ಅಲ್ಲಿಯ ನಿಜವಾದ ಪ್ರೇಕ್ಷಣೀಯ ಸ್ಥಳ ಆ ಕಾಣದ ಕೊಳವೆ. ಆದರೆ ಕೊಳವೆಯ ಮುಂದೆ ನಿಂತು ಯಾರೂ ಫೋಟೋ ತೆಗೆಸಿಕೊಳ್ಳುವುದಿಲ್ಲ.

‘ನೋಡಿ ಅತ್ತೆ, ಶಿಸ್ತು ಎಂದರೆ ಇದು. ನಮ್ಮಲ್ಲಿ ಆಗುತ್ತದೆಯೇ?’ ಎಂದರು ಅಳಿಯಂದಿರು. ಈ ಪ್ರಶ್ನೆಯನ್ನು ವಿದೇಶದಲ್ಲಿರುವ ನಮ್ಮ ಮಕ್ಕಳೆಲ್ಲ ಕೇಳುತ್ತಾರೆ, ಅದರಲ್ಲಿ ಪ್ರೀತಿಯೂ ಇರುತ್ತದೆ, ಸಣ್ಣ ತಿರಸ್ಕಾರವೂ ಇರುತ್ತದೆ. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಶಿಸ್ತೆಂಬ ಮಾತಿನಲ್ಲಿ ಎರಡು ಸಂಗತಿಗಳು ಕಲಸಿಹೋಗುತ್ತವೆ. ಆ ಹತ್ತು ವರ್ಷಗಳಲ್ಲಿ ಸುಮಾರು 26,000 ಕುಟುಂಬಗಳನ್ನು ದಂಡೆಯಿಂದ ಎಬ್ಬಿಸಿದರು. ಸುಮಾರು 5,000 ಬೀದಿ ವ್ಯಾಪಾರಿಗಳು ಕಟ್ಟಡದೊಳಗೆ ಸೇರಿದರು. ನೂರಾರು ಸರಕುದೋಣಿಗಳು 1983ರಲ್ಲಿ ದೂರದ ಪಾಸಿರ್ ಪಂಜಾಂಗಿಗೆ ಹೋದವು. ಬೇಡವೆನ್ನುವ ಅವಕಾಶ ಅವರಿಗೆಷ್ಟಿತ್ತು? ಅಜ್ಜನ ಕಾಲದಿಂದ ಹಂದಿ ಸಾಕಿದವನು ಹತ್ತನೆಯ ಅಂತಸ್ತಿನ ಮನೆಯಲ್ಲಿ ಏನು ಸಾಕಿಯಾನು? ಅಂಥ ಬಲವಂತವನ್ನು ನಮ್ಮ ನೆಲಕ್ಕೆ ಬಯಸುವವಳಲ್ಲ ನಾನು. ಆದರೆ ಎಬ್ಬಿಸಿದವರ ಕೈಗೆ ಅವರು ಒಂದು ಮನೆಯ ಬೀಗದ ಕೈ ಕೊಟ್ಟರು. ವ್ಯಾಪಾರಿಗೆ ಒಂದು ಅಂಗಡಿಯ ಕಟ್ಟೆ ಕೊಟ್ಟರು. ಲಿಟಲ್ ಇಂಡಿಯಾದ ತೆಕ್ಕಾ ಮಾರುಕಟ್ಟೆಯಲ್ಲಿ ನಾವು ದೋಸೆ ತಿಂದದ್ದು ಅಂಥ ಸಾಲು ಕಟ್ಟೆಗಳಲ್ಲೊಂದರಲ್ಲಿ. ಇದನ್ನು ನಾನು ಶಿಸ್ತೆನ್ನುವುದಿಲ್ಲ, ಲೆಕ್ಕ ಎನ್ನುತ್ತೇನೆ. ಯಾರಿಂದ ಏನು ಕಸಿದುಕೊಂಡೆವು, ಬದಲಿಗೆ ಏನು ಕೊಟ್ಟೆವು ಎಂಬ ಲೆಕ್ಕ.

ಇನ್ನು ನಮ್ಮಲ್ಲಿ ಕಾನೂನಿಲ್ಲವೇ? ಜಲಮಾಲಿನ್ಯ ತಡೆಯುವ ಕಾಯಿದೆಯನ್ನು ಭಾರತದ ಸಂಸತ್ತು ಮಾಡಿದ್ದು 1974ರಲ್ಲಿ, ಲೀಯವರ ಭಾಷಣಕ್ಕಿಂತ ಮೂರು ವರ್ಷ ಮೊದಲು. ಬೆಂಗಳೂರು ಜಲಮಂಡಳಿ ಹುಟ್ಟಿದ್ದು 1964ರಲ್ಲಿ. ನಾವು ತಡವಾಗಿ ಎದ್ದವರೇನಲ್ಲ, ಬೇಗ ಎದ್ದು ಮತ್ತೆ ಮಲಗಿದವರು.

ಅಳಿಯಂದಿರೊಡನೆ ವಾದವೇನೋ ಮಾಡಿದೆ. ರಾತ್ರಿ ಮಲಗಿದಾಗ ಮಾತ್ರ ನಿದ್ರೆ ಹತ್ತಿರ ಸುಳಿಯಲಿಲ್ಲ. ಮೂವತ್ತು ವರ್ಷಗಳ ಹಿಂದಿನ ಒಬ್ಬ ಹುಡುಗ ಕಣ್ಣಮುಂದೆ ಬಂದು ನಿಂತಿದ್ದ.

ಮೈಸೂರು ರಸ್ತೆಯ ಸಮೀಪದ ಪ್ರೌಢಶಾಲೆಯಲ್ಲಿ ನಾನಿದ್ದ ಕಾಲ. ಈ ಹುಡುಗ ಮಳೆ ಬಂದ ಮರುದಿನ ಶಾಲೆಗೆ ಬರುತ್ತಿರಲಿಲ್ಲ, ಬಂದರೂ ಪುಸ್ತಕಗಳು ಒದ್ದೆಯಾಗಿ ಉಬ್ಬಿರುತ್ತಿದ್ದವು. ರಾಜಕಾಲುವೆಯ ಅಂಚಿನಲ್ಲಿ ಅವರ ಮನೆ. ತಾಯಿ ವಿಜಯನಗರದಲ್ಲಿ ನಾಲ್ಕು ಮನೆಗಳ ಪಾತ್ರೆ ತಿಕ್ಕುತ್ತಿದ್ದರು. ಭೂಪಟದ ದಿನ ಅವನು ಎದ್ದುನಿಂತು, ‘ಮೇಡಂ, ನಮ್ಮ ಮನೆ ಹಿಂದೆ ಇರೋದೂ ನದಿನೇ ಅಂತೆ, ನಮ್ಮಜ್ಜಿ ಹೇಳ್ತಾರೆ. ಅದನ್ನ ಎಲ್ಲಿ ಬರೀಬೇಕು?’ ಎಂದು ಕೇಳಿದ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ‘ಅದು ಮೋರಿ ಕಣೋ, ಕೂತ್ಕೋ’ ಎಂದೆ.

ಅಜ್ಜಿ ಹೇಳಿದ್ದು ಸತ್ಯವಾಗಿತ್ತು. ಬಿ.ಎಡ್. ಪದವಿ ಪಡೆದು ಭೂಗೋಳ ಬೋಧಿಸುತ್ತಿದ್ದ ನಾನು ಹೇಳಿದ್ದು ಸುಳ್ಳಾಗಿತ್ತು. ಅದು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿಯಲ್ಲಿ ಹುಟ್ಟಿತೆಂದು ಐತಿಹ್ಯವಿರುವ, ವೃಷಭನಿಂದಲೇ ಹೆಸರು ಪಡೆದ ನದಿ. ಮಲ್ಲೇಶ್ವರದ ಕಾಡುಮಲ್ಲೇಶ್ವರನ ಸನ್ನಿಧಿಯಲ್ಲಿ ಹುಟ್ಟುತ್ತದೆಂದು ಹೇಳುವವರೂ ಇದ್ದಾರೆ. ಎರಡು ಕಡೆಗಳಿಂದಲೂ ತೊರೆಗಳು ಬಂದು ಕೂಡುವುದರಿಂದ ಜಗಳವೇನೂ ಬೇಡ. ಕೆಂಪಾಂಬುಧಿ ಕೆರೆಯನ್ನು ದಾಟಿ, ಮೈಸೂರು ರಸ್ತೆಯ ಗಾಳಿ ಆಂಜನೇಯನ ಮಗ್ಗುಲಲ್ಲಿ ಹಾದು, ನಾಯಂಡಹಳ್ಳಿ, ಕೆಂಗೇರಿಗಳ ಮೂಲಕ ಬಿಡದಿ ಸಮೀಪದ ಬೈರಮಂಗಲ ಕೆರೆಗೆ ಹೋಗುತ್ತದೆ. ಅಲ್ಲಿಂದ ಮುಂದೆ ಅರ್ಕಾವತಿ, ಅರ್ಕಾವತಿಯಿಂದ ಸಂಗಮದಲ್ಲಿ ಕಾವೇರಿ. ಗಾಳಿ ಆಂಜನೇಯನನ್ನು ಪ್ರತಿಷ್ಠಾಪಿಸಿದವರು ವ್ಯಾಸರಾಯರೆಂದು ಪ್ರತೀತಿ. ನೀರು ಹರಿಯುವ ಸಂಗಮಸ್ಥಾನವೆಂದೇ ಅಲ್ಲಿ ದೇವರನ್ನು ನಿಲ್ಲಿಸಿದ್ದಾರೆ. ಮೋರಿಯ ಪಕ್ಕದಲ್ಲಿ ಯಾರೂ ದೇವರನ್ನು ನಿಲ್ಲಿಸುವುದಿಲ್ಲ. ಅಷ್ಟು ಸರಳ ತರ್ಕವೂ ನನಗೆ ಅಂದು ಹೊಳೆಯಲಿಲ್ಲ. ನೂರಾರು ಮೈಲಿ ದೂರದ ತುಂಗಭದ್ರೆಯನ್ನು ನೀಲಿಯಲ್ಲಿ ಬರೆಸುತ್ತಿದ್ದೆ. ಶಾಲೆಯ ಕಿಟಕಿಯಿಂದ ಮೂಗಿಗೆ ಬಡಿಯುತ್ತಿದ್ದ ನದಿಯನ್ನು ಬರೆಯಲು ಬಿಡಲಿಲ್ಲ.

ಒಂದು ನದಿಯನ್ನು ಕೊಲ್ಲುವ ಕೆಲಸ ಕಾರ್ಖಾನೆಯ ಕೊಳವೆಯಿಂದ ಮಾತ್ರ ಆಗುವುದಲ್ಲ ಎಂಬುದು ನನ್ನ ಈಗಿನ ಅಭಿಪ್ರಾಯ. ಪೀಣ್ಯದ ಕಾರ್ಖಾನೆಗಳ ಪಾಲು ಇದೆ, ನಗರದ ಕೊಳಚೆಯ ಪಾಲು ಅದಕ್ಕಿಂತ ದೊಡ್ಡದಿದೆ. ಅವೆಲ್ಲಕ್ಕೂ ಮೊದಲು ಅದನ್ನು ‘ಮೋರಿ’ ಎಂದು ಕರೆಯುವವರು ಬೇಕು. ನದಿಗೆ ಕಸ ಸುರಿಯಲು ಕೈ ಹಿಂಜರಿಯುತ್ತದೆ, ಮೋರಿಗೆ ಸುರಿಯಲು ಹಿಂಜರಿಕೆಯಿಲ್ಲ. ಆ ಕೆಲಸದಲ್ಲಿ ನನ್ನದೂ ಪಾಲಿದೆ, ವರ್ಷಕ್ಕೆ ನೂರು ಮಕ್ಕಳಂತೆ.

ಹಿಂದಿರುಗಿದ ಮೇಲೆ ನಮ್ಮ ನಗರದಲ್ಲಿ ಜಲತೀರಗಳನ್ನು ಹೇಗೆ ಸುಧಾರಿಸಿದ್ದಾರೆಂದು ನೋಡುವ ಹಟ ಹತ್ತಿತು. ಶಾಂತಿನಗರದ ಕಡೆ ಕೋರಮಂಗಲ ಕಣಿವೆಯ ರಾಜಕಾಲುವೆಯನ್ನು ‘ಕೆ-100’ ಎಂಬ ಹೆಸರಿನಲ್ಲಿ ಜನರ ಜಲಮಾರ್ಗವಾಗಿ ಮಾಡುವ ಯೋಜನೆಯನ್ನು ಈ ದಶಕದ ಆರಂಭದಲ್ಲಿ, ಆಗಿನ್ನೂ ಇದ್ದ ಮಹಾನಗರ ಪಾಲಿಕೆ ಕೈಗೆತ್ತಿಕೊಂಡಿತ್ತು. (ಆ ಪಾಲಿಕೆ 2025ರಲ್ಲಿ ಐದು ಪಾಲಿಕೆಗಳಾಗಿ ಒಡೆಯಿತು, ಕಾಲುವೆ ಒಂದೇ ಆಗಿ ಹರಿಯುತ್ತಿದೆ.) ಅದಕ್ಕೆ ಮಾದರಿ ದಕ್ಷಿಣ ಕೊರಿಯಾದ ಸೋಲ್ ನಗರದ ಚಂಗ್ಯೆಚನ್ ತೊರೆ. ಅಲ್ಲಿ ತೊರೆಯ ಮೇಲಿದ್ದ ಮೇಲ್ಸೇತುವೆ ರಸ್ತೆಯನ್ನೇ ಕಿತ್ತೊಗೆದು 2005ರಲ್ಲಿ ನೀರನ್ನು ಹೊರತಂದರು. ನಾನೂ ಯಜಮಾನರೂ ಒಂದು ಭಾನುವಾರ ಶಾಂತಿನಗರಕ್ಕೆ ಹೋಗಿ ನಡೆದಾಡಿ ಬಂದೆವು. ನಡೆಯಲು ಹಾದಿ ಇದೆ, ಗಿಡಗಳಿವೆ. ಒಳ್ಳೆಯ ಮನಸ್ಸಿನ ಕೆಲಸವೆಂದು ಯಾರಿಗಾದರೂ ತಿಳಿಯುತ್ತದೆ. ಕಾಲುವೆಯ ಕಡೆ ಬೆನ್ನು ಹಾಕಿದ್ದ ಊರು ಮುಖ ತಿರುಗಿಸಿ ನೋಡುವಂತಾದದ್ದು ಸಣ್ಣ ಸಂಗತಿಯಲ್ಲ. ಆದರೆ ನಾವು ಹೋದ ದಿನ ಯಜಮಾನರು ಕರವಸ್ತ್ರವನ್ನು ಮೂಗಿನಿಂದ ತೆಗೆಯಲಿಲ್ಲ.

ನಮ್ಮ ಮನೆಯ ಹತ್ತಿರದ ಮಲ್ಲತ್ತಹಳ್ಳಿ ಕೆರೆಯಲ್ಲೂ ಅಭಿವೃದ್ಧಿ ನಡೆಯಿತು. ಅಲ್ಲಿ ಕೆರೆಯ ನೀರಿಗಿಂತ ಕೆರೆಯಲ್ಲಿ ನಿಲ್ಲಿಸುವ ಪ್ರತಿಮೆಯೇ ಮಾತಿನ ವಿಷಯವಾಗಿ ಉಚ್ಚ ನ್ಯಾಯಾಲಯದವರೆಗೆ ಹೋಯಿತು. ಅಹಮದಾಬಾದಿನ ಸಾಬರಮತಿಯ ದಂಡೆಯನ್ನು 2012ರಲ್ಲಿ ತೆರೆದಾಗ ಅದನ್ನು ಹೊಗಳದ ಪತ್ರಿಕೆ ಇರಲಿಲ್ಲ. ನಗರದೊಳಗೆ ತುಂಬಿ ನಿಂತಿರುವುದು ಕಾಲುವೆಯಿಂದ ತಂದ ನರ್ಮದೆಯ ನೀರು. ವಾಸಣಾ ಅಡ್ಡಗಟ್ಟೆಯಿಂದ ಕೆಳಕ್ಕೆ ಹರಿಯುವುದು ಬೇರೆಯೇ ದ್ರವ, 2021ರಲ್ಲಿ ಗುಜರಾತಿನ ಉಚ್ಚ ನ್ಯಾಯಾಲಯ ತಾನಾಗಿಯೇ ಅದರ ವಿಚಾರಣೆ ಕೈಗೆತ್ತಿಕೊಳ್ಳಬೇಕಾಯಿತು. ಇವೆಲ್ಲವನ್ನೂ ನೋಡಿದಾಗ ನಮ್ಮ ದೇಶದಲ್ಲಿ ಸಿಂಗಪುರದ ಪುಸ್ತಕವನ್ನು ಹಿಂದಿನ ಪುಟದಿಂದ ಓದಲು ತೊಡಗಿದ್ದೇವೆಯೇ ಎಂಬ ಅನುಮಾನ ನನಗೆ. ಮೊದಲು ಕಟಕಟೆ, ದೀಪದ ಕಂಬ, ಕಾರಂಜಿ. ಒಳಚರಂಡಿ ಮುಂದಿನ ಆಯವ್ಯಯದಲ್ಲಿ.

ಈ ನಡುವೆ ಆ ಹುಡುಗನೇ ಮನೆಗೆ ಬಂದ. ಹುಡುಗನೆನ್ನುವುದು ನನ್ನ ಚಾಳಿ. ನಲವತ್ತು ದಾಟಿದೆ, ತಲೆಯಲ್ಲಿ ಬೆಳ್ಳಿಗೂದಲಿದೆ. ಕೊಳಾಯಿ ಕೆಲಸದ ಗುತ್ತಿಗೆದಾರ, ಕೈಕೆಳಗೆ ಆರು ಜನ ಇದ್ದಾರೆ. ನಮ್ಮ ಮೇಲಿನ ತೊಟ್ಟಿ ಸೋರುತ್ತಿದೆಯೆಂದು ಕರೆಸಿದ್ದೆ. ಕಾಫಿ ಕೊಟ್ಟು ಸಿಂಗಪುರದ ಚಿತ್ರಗಳನ್ನು ತೋರಿಸಿದೆ. ಹೊಳೆಗೆ ಹಾರುವ ಹುಡುಗರ ಚಿತ್ರವನ್ನು ಬಹಳ ಹೊತ್ತು ನೋಡಿದ. ‘ನಾವೂ ಮಳೆ ನೀರು ಬಂದಾಗ ಹಾರ್ತಿದ್ವಿ ಮೇಡಂ. ಆಮೇಲೆ ಮೈಯೆಲ್ಲ ಕಜ್ಜಿ’ ಎಂದು ನಕ್ಕ. ಭೂಪಟದ ದಿನ ಅವನಿಗೆ ನೆನಪಿದೆಯೇ ಎಂದು ಕೇಳಲು ಧೈರ್ಯ ಬರಲಿಲ್ಲ. ಕಾಲುವೆಗೆ ಗೋಡೆ ಕಟ್ಟುವಾಗ ಅವರ ಮನೆಯ ಸಾಲನ್ನು ಎತ್ತಿದರಂತೆ. ಊರಾಚೆ ಎಲ್ಲೋ ಒಂದು ಕೋಣೆ ಸಿಕ್ಕಿತು. ಆದರೆ ತಾಯಿ ಪಾತ್ರೆ ತಿಕ್ಕುತ್ತಿದ್ದ ಮನೆಗಳು ವಿಜಯನಗರದಲ್ಲೇ ಉಳಿದವು. ಎರಡು ವರ್ಷ ಆಕೆ ಬೆಳಗಿನ ಜಾವದ ಬಸ್ಸು ಹಿಡಿದು ಬಂದರು, ಆಮೇಲೆ ಸೊಂಟ ಹಿಡಿದು ಬಿಟ್ಟರು. ಅವನು ಓದು ನಿಲ್ಲಿಸಿದ್ದು ಆಗ. ನಾನು ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಂಪು ಗೆರೆ ಎಳೆದದ್ದೂ ಆಗಲೇ ಇರಬೇಕು.

ನಾನು ಹೇಳಿದ ಲೆಕ್ಕ ಇದೇ. ಕೋಣೆ ಕೊಟ್ಟೆವು ಎಂದು ಬರೆದುಕೊಳ್ಳುವ ಕಡತದಲ್ಲಿ ಬೆಳಗಿನ ಜಾವದ ಬಸ್ಸಿಗೆ ಅಂಕಣವಿರುವುದಿಲ್ಲ.

ಅವನು ನನ್ನನ್ನು ಆಟೋದಲ್ಲಿ ನಾಯಂಡಹಳ್ಳಿಗೆ ಕರೆದುಕೊಂಡು ಹೋದ. ‘ನಿಮಗೆ ನದಿ ನೋಡ್ಬೇಕಲ್ಲ, ಬನ್ನಿ’ ಎಂದು. ಮೆಟ್ರೋ ನಿಲ್ದಾಣದ ಕೆಳಗೆ ನಿಂತು ನೋಡಿದೆವು. ಕಪ್ಪು ನೀರು, ಅದರ ಮೇಲೆ ಬಿಳಿ ನೊರೆ, ಎರಡು ಕಡೆ ಕಾಂಕ್ರೀಟು. ಹತ್ತಿರದಲ್ಲೇ ಜಲಮಂಡಳಿಯ ಶುದ್ಧೀಕರಣ ಘಟಕವಿದೆ, ದಿನಕ್ಕೆ 18 ಕೋಟಿ ಲೀಟರು ಕೊಳಚೆಯನ್ನು ಶುದ್ಧಗೊಳಿಸುವಷ್ಟು ದೊಡ್ಡದು. ಅಷ್ಟು ದೊಡ್ಡ ಘಟಕವಿದ್ದೂ ಈ ನೀರು ಹೀಗೇಕೆ ಎಂದು ಕೇಳಿದೆ. ನನ್ನ ಹಳೆಯ ವಿದ್ಯಾರ್ಥಿ ನನಗೆ ಪಾಠ ಹೇಳಿದ. ‘ಘಟಕ ಏನ್ಮಾಡುತ್ತೆ ಮೇಡಂ? ಅದರ ಬಾಯಿಗೆ ಬಂದದ್ದನ್ನ ತೊಳೆಯುತ್ತೆ. ಬಾಯಿಗೇ ಬರದೆ ಪಕ್ಕದಲ್ಲಿ ಹೋಗೋದನ್ನ ಯಾರು ತೊಳೀತಾರೆ? ಮನೆ ಕಟ್ಟೋರು ಎಷ್ಟೋ ಜನ ಒಳಚರಂಡಿಗೆ ಸಂಪರ್ಕ ತಗೊಳ್ಳಲ್ಲ. ರಸ್ತೆ ಅಗೆಯೋಕೆ ಅನುಮತಿ, ಅದಕ್ಕೆ ದುಡ್ಡು, ತಡ. ಮನೆ ಮುಂದೇನೇ ಮಳೆನೀರಿನ ಚರಂಡಿ ಇದೆಯಲ್ಲ, ಅದಕ್ಕೇ ಪೈಪು ಬಿಡಪ್ಪಾ ಅಂತಾರೆ. ನಾನೂ ಬಿಟ್ಟಿದ್ದೀನಿ, ಸುಳ್ಳು ಹೇಳಲ್ಲ.’

ಈ ನೀರು ಇಲ್ಲಿಗೇ ಮುಗಿಯುವುದಿಲ್ಲವಲ್ಲ. ಬೈರಮಂಗಲದ ಕೆರೆಯನ್ನು 1940ರ ದಶಕದಲ್ಲಿ ಕಟ್ಟಿದ್ದು ಬೇಸಾಯಕ್ಕಾಗಿ. ಇಂದು ಅಲ್ಲಿಯ ರೈತ ನಮ್ಮ ಸ್ನಾನದ ಮನೆಯ ನೊರೆಯನ್ನು ಹೊಲಕ್ಕೆ ಹಾಯಿಸುತ್ತಾನೆ. ಬೆಳೆದ ಸೊಪ್ಪು ತರಕಾರಿ ತಿರುಗಿ ಬೆಂಗಳೂರಿನ ಕಡೆಗೇ ಬರುತ್ತದೆ. ನಾವು ಕಳಿಸಿದ್ದು ನಮಗೇ ವಾಪಸು ಬರುವ ಏರ್ಪಾಡು ಇಷ್ಟು ಅಚ್ಚುಕಟ್ಟಾಗಿ ಬೇರೆ ಯಾವ ಇಲಾಖೆಯಲ್ಲೂ ಇಲ್ಲ.

ಹಿಂದಿರುಗುವಾಗ ಆಟೋದಲ್ಲಿ ಒಂದು ಪ್ರಶ್ನೆ ಬಾಯಿಗೆ ಬಂತು, ಬಾರದಿದ್ದರೆ ಚೆನ್ನಾಗಿತ್ತು. ‘ನಮ್ಮ ಮನೆಯದು ಎಲ್ಲಿಗೆ ಹೋಗುತ್ತದೋ?’ ಎಂದೆ. ಅವನು ಮನೆಗೆ ಬಂದು, ಕೊಳವೆಗಳ ಮೇಲಿನ ಮುಚ್ಚಳಗಳನ್ನು ತೆಗೆದು, ಒಂದು ಬಕೆಟ್ಟಿನಲ್ಲಿ ನೀಲಿ ಬಣ್ಣ ಕಲಸಿ ಸ್ನಾನದ ಮನೆಯಲ್ಲಿ ಸುರಿದು, ಹೊರಗೆ ಓಡಿದ. ಕಕ್ಕಸಿನದು ಒಳಚರಂಡಿಗೇ ಹೋಗುತ್ತಿತ್ತು. ಆದರೆ ಸ್ನಾನದ ನೀರು, ಬಟ್ಟೆ ಒಗೆಯುವ ಯಂತ್ರದ ನೀರು, ಹಿತ್ತಿಲ ಪಾತ್ರೆಕಟ್ಟೆಯ ನೀರು ಮೂರೂ ಮನೆಯ ಮುಂದಿನ ಮಳೆನೀರಿನ ಚರಂಡಿಗೆ. ಇಪ್ಪತ್ತೆರಡು ವರ್ಷಗಳಿಂದ. ಮನೆ ಕಟ್ಟಿಸುವಾಗ ಮೇಸ್ತ್ರಿ ಕೇಳಿದ್ದನೋ, ನಾವು ಹೂಂ ಎಂದಿದ್ದೆವೋ, ಯಜಮಾನರಿಗೂ ನೆನಪಿಲ್ಲ, ನನಗೂ ನೆನಪಿಲ್ಲ. ರಸ್ತೆಯ ಚರಂಡಿಯಲ್ಲಿ ಆ ನೀಲಿ ನೀರು ಹರಿದುಹೋಗುವುದನ್ನು ಇಬ್ಬರೂ ನಿಂತು ನೋಡಿದೆವು. ನಾನು ಭೂಪಟದಲ್ಲಿ ಬರೆಸದ ನದಿಗೆ ನಮ್ಮ ಮನೆಯಿಂದಲೇ ಒಂದು ಉಪನದಿ.

ನನ್ನ ವಿದ್ಯಾರ್ಥಿಗಳಲ್ಲಿ ಎಂಜಿನಿಯರುಗಳಿದ್ದೀರಿ, ಇಬ್ಬರು ಪಾಲಿಕೆಯಲ್ಲೇ ಇದ್ದೀರಿ, ಹಲವರು ಮನೆ ಕಟ್ಟಿಸಿದ್ದೀರಿ, ನಾಲ್ಕೈದು ಜನ ಬಡಾವಣೆಯ ಸಂಘಗಳಲ್ಲಿ ಕಾರ್ಯದರ್ಶಿಗಳು. ಜಲತೀರದ ಸೌಂದರ್ಯೀಕರಣದ ನಕ್ಷೆಯನ್ನು ಯಾರಾದರೂ ಮುಂದಿಟ್ಟಾಗ ಎರಡು ಪ್ರಶ್ನೆ ಕೇಳಿ ಎಂದು ನನ್ನ ಬಿನ್ನಹ. ಈ ಕಾಲುವೆಗೆ ಸೇರುವ ಮನೆಗಳ ಕೊಳಚೆಯನ್ನು ಯಾವ ಇಸವಿಯೊಳಗೆ ಬೇರ್ಪಡಿಸುತ್ತೀರಿ? ದಂಡೆಯಿಂದ ಎಬ್ಬಿಸುವವರ ಮನೆ, ಅವರು ದುಡಿಯುವ ಜಾಗದಿಂದ ಎಷ್ಟು ಮೈಲಿ? ಈ ಎರಡಕ್ಕೂ ಉತ್ತರ ಬಂದರೆ ಕಾರಂಜಿಗೆ ನನ್ನ ಆಕ್ಷೇಪವಿಲ್ಲ, ಉದ್ಘಾಟನೆಗೆ ಕರೆದರೆ ಬರುತ್ತೇನೆ. ಅದಕ್ಕೂ ಮೊದಲು ಒಂದು ಬಕೆಟ್ಟಿನಲ್ಲಿ ಬಣ್ಣ ಕಲಸಿ ನಿಮ್ಮ ನಿಮ್ಮ ಸ್ನಾನದ ಮನೆಯಲ್ಲಿ ಸುರಿದು ನೋಡಿ.

ಪಕ್ಕದ ಮನೆಯವರಿಗೆ ಈ ವಿಷಯ ಹೇಳಿದೆ. ‘ನಮ್ಮೊಬ್ಬರಿಂದ ಏನಾಗುತ್ತೆ ಟೀಚರ್’ ಎಂದರು. ಎದುರು ಮನೆಯವರು ಖರ್ಚೆಷ್ಟು ಎಂದು ಕೇಳಿದ್ದಾರೆ. ಅದನ್ನು ನಾನು ಶುಭಲಕ್ಷಣವೆಂದೇ ಎಣಿಸಿದ್ದೇನೆ. ರಸ್ತೆ ಅಗೆಯಲು ಅನುಮತಿ ಸಿಕ್ಕಿದೆ. ಸೋಮವಾರ ಅವನು ಇಬ್ಬರು ಆಳುಗಳೊಡನೆ ಬರುತ್ತಾನೆ. ಬಾಗಿಲ ಮುಂದೆ ನಾನು ರಂಗೋಲಿ ಹಾಕುವ ಚಪ್ಪಡಿಯನ್ನು ಎತ್ತಬೇಕಾಗುತ್ತದಂತೆ, ಮೂರು ದಿನ ಕಾಲಿಡಲು ಹಲಗೆ ಹಾಕಿಕೊಡುತ್ತಾನಂತೆ.